402 ಮೀಟರ್‌ಗಾಗಿ ಹಳೇ ಸಿಟಿ ಕಾರಿನ ತಯಾರಿ

ಕಾಸರಗೋಡು: ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ, ಕಾರು ಕೈಗೆ ಸಿಕ್ಕಿದವರಿಗೆ ಒಮ್ಮೆ ಎಳೆದು ನೋಡುವ ಅನ್ನಿಸುವುದುಂಟು. ಆದರೆ ಡ್ರ್ಯಾಗ್ ರೇಸ್ ಎಂಬುದು ಹೆದ್ದಾರಿಯ ಆಟವಲ್ಲ. ಕಾಲು ಮೈಲಿ, ಅಂದರೆ 402 ಮೀಟರ್ ನೇರ ದಾರಿ. ತಿರುವೇ ಇಲ್ಲ. ಹಸಿರು ದೀಪ ಬಿದ್ದ ಕೂಡಲೇ ಎರಡು ಕಾರು ಹೊರಟರೆ ಕಾಲು ನಿಮಿಷದ ಆಚೀಚೆ ಎಲ್ಲ ಮುಗಿಯಿತು. ಮಹಾರಾಷ್ಟ್ರದ ಆಂಬಿ ವ್ಯಾಲಿಯ ವಿಮಾನದ ಓಡುದಾರಿಯಲ್ಲಿ ಇಂಥ ಕೂಟಗಳು ನಡೆದಿವೆ.

ದೊಡ್ಡ ದುಡ್ಡಿಲ್ಲದವರ ನೆಚ್ಚಿನ ಕಾರು ಹೋಂಡಾ ಸಿಟಿಯ ಹಳೇ 1.5 ವಿಟೆಕ್. 2000ದಲ್ಲಿ ಬಂದ ಈ ಕಾರಿಗೆ ಆಗಲೇ 106 ಅಶ್ವಶಕ್ತಿ. 2003ರಲ್ಲಿ ಹೊಸ ಸಿಟಿ ಬಂದಾಗ ಮೈಲೇಜ್ ಹೆಚ್ಚಿತು, ಶಕ್ತಿ 77ಕ್ಕೆ ಇಳಿಯಿತು. ಓಟದ ಹುಚ್ಚಿನವರು ಹಳೆಯದನ್ನೇ ಹುಡುಕಿ ಕೊಂಡರು.

ಕೆಲಸ ಶುರುವಾಗುವುದು ಹೆಚ್ಚಾಗಿ ಸೈಲೆನ್ಸರಿನಿಂದ. "ಸೌಂಡ್ ಬಂದ್ರೆ ಸ್ಪೀಡೂ ಬಂದ ಹಾಗೆ" ಎಂಬುದು ಗ್ಯಾರೇಜಿನ ಮಾತು. ಬರೀ ಶಬ್ದಕ್ಕೆ ಕಾರು ಓಡುವುದಿಲ್ಲ ಬಿಡಿ. ಎಂಜಿನ್‌ಗೆ ತಂಪು ಗಾಳಿ ಸಲೀಸಾಗಿ ಒಳಗೆ ಹೋಗಬೇಕು, ಹೊಗೆ ತಡೆಯಿಲ್ಲದೆ ಹೊರಗೆ ಬರಬೇಕು, ಪೆಟ್ರೋಲ್ ಅದಕ್ಕೆ ಸರಿಯಾಗಿ ಬೀಳಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಖರ್ಚು ಮಾತ್ರ. ಸ್ಟೆಪ್ನಿ, ಹಿಂದಿನ ಸೀಟು ಇಳಿಸಿದರೆ ಭಾರ ಕಡಿಮೆಯಾಗುತ್ತದೆ. ಇದಕ್ಕೆ ನಯಾಪೈಸೆ ಬೇಡ. ನಿಜವಾದ ತಲೆನೋವು ಹೊರಡುವ ಕ್ಷಣದ್ದು. ಸಿಟಿಯಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ಸರಿದು, ಮುಂದಿನ ಚಕ್ರ ನೆಲ ಹಿಡಿಯದೆ ನಿಂತಲ್ಲೇ ತಿರುಗುತ್ತದೆ. ಹೀಗಾಗಿ ಒಳ್ಳೆಯ ಟೈರು, ಗಟ್ಟಿ ಕ್ಲಚ್ ಮೊದಲು, ಎಂಜಿನ್ ಆಮೇಲೆ. ಬ್ರೇಕ್ ಅಂತೂ ಎಲ್ಲಕ್ಕಿಂತ ಮೊದಲು. 402 ಮೀಟರ್ ಮುಗಿದ ಮೇಲೆ ನಿಲ್ಲಿಸಬೇಕಲ್ಲ!

ಇನ್ನು ಕಾನೂನು. ವಾಹನ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದ್ದೇ ಪ್ರಕರಣದಲ್ಲಿ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಅಕ್ರಮ ಬದಲಾವಣೆ ಒಂದೊಂದಕ್ಕೂ ಮಾಲೀಕನಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ರಸ್ತೆಯಲ್ಲಿ ರೇಸ್ ಮಾಡಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂ.ವರೆಗೆ ದಂಡ ಅಥವಾ ಎರಡೂ. ಕಾಯ್ದೆ ಕೇಂದ್ರದ್ದು. ಕೆ.ಎ. ನಂಬರಿನ ಗಾಡಿ, ತಲಪಾಡಿ ದಾಟಿದರೆ ಆಯಿತು ಎಂಬ ಲೆಕ್ಕ ನಡೆಯದು.

ಮನೆಯವರು ನೋಡಬೇಕಾದ ಕಾಗದ ಇನ್ನೊಂದಿದೆ, ವಿಮೆಯದ್ದು. ರೇಸಿಂಗ್, ವೇಗದ ಪರೀಕ್ಷೆ ಎರಡನ್ನೂ ಸಾಮಾನ್ಯ ಪಾಲಿಸಿ ಹೊರಗಿಟ್ಟಿರುತ್ತದೆ. ಟ್ರ್ಯಾಕಿನಲ್ಲಿ ಕಾರು ಜಖಂ ಆದರೆ ರಿಪೇರಿಯ ದುಡ್ಡು ಸ್ವಂತ ಕಿಸೆಯಿಂದ. ಅನುಭವಸ್ಥರು ರೇಸಿನ ಕಾರನ್ನು ರಸ್ತೆಯಲ್ಲಿ ಓಡಿಸದೆ ಲಾರಿಯ ಮೇಲೆ ಹೇರಿ ಟ್ರ್ಯಾಕಿಗೆ ಒಯ್ಯುತ್ತಾರೆ, ಲಾರಿಯಲ್ಲೇ ವಾಪಸ್ ತರುತ್ತಾರೆ. ಸೋಮವಾರ ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಮನೆಯಲ್ಲಿ ಬೇರೆ ಗಾಡಿ ಬೇಕು.