ಉಪಗ್ರಹ ಸಂವಹನದಲ್ಲಿ ಭೂನಿಯಂತ್ರಣದ ವೃತ್ತಿ
ಹುಬ್ಬಳ್ಳಿ-ಧಾರವಾಡಗಳ ನಡುವಣ ರಾಯಾಪುರದಲ್ಲಿ ಡಿಡಿ ಫ್ರೀ ಡಿಶ್‌ನ ಆಂಟೆನಾವನ್ನು ಒಮ್ಮೆ ಆಗ್ನೇಯಕ್ಕೆ ತಿರುಗಿಸಿ ಬಿಗಿದರೆ ಮತ್ತೆ ಅಲುಗಿಸಬೇಕಿಲ್ಲ. 2015ರಲ್ಲಿ ಉಡಾವಣೆಗೊಂಡ ಜಿಸ್ಯಾಟ್-15, ಸಮಭಾಜಕವೃತ್ತದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಆವರ್ತನೆಗೆ ಸಮನಾಗಿ ಸುತ್ತುವುದರಿಂದ ನಿಂತಂತೆ ತೋರುತ್ತದೆ. ಆದರೆ ಈ ನಿಲುವು ತಾನಾಗಿ ಉಳಿಯುವಂಥದಲ್ಲ. ಸೂರ್ಯಚಂದ್ರರ ಸೆಳೆತವೂ ಭೂಮಿಯ ಅಸಮ ಆಕಾರವೂ ಉಪಗ್ರಹವನ್ನು ಸರಿಸುತ್ತಲೇ ಇರುತ್ತವೆ. ಎಂ.ಸಿ.ಎಫ್. ಎಂದೇ ಪರಿಚಿತವಾದ, 1982ರಲ್ಲಿ ಸ್ಥಾಪಿತವಾದ ಹಾಸನದ ಇಸ್ರೋ ನಿಯಂತ್ರಣ ಕೇಂದ್ರವು ಈ ಚ್ಯುತಿಯನ್ನು ಅಳೆದು, ಉಪಗ್ರಹದ ಕಿರು ಎಂಜಿನ್‌ಗಳನ್ನು ಉರಿಸಿ ಸ್ವಸ್ಥಾನಕ್ಕೆ ತರುತ್ತದೆ. ಇಂಧನ ತೀರುತ್ತ ಬಂದರೆ, ಉಪಕರಣಗಳು ಸುಸ್ಥಿತಿಯಲ್ಲಿದ್ದರೂ, ಅದನ್ನು ಇನ್ನೂ ಎತ್ತರದ ಕಕ್ಷೆಗೆ ಒಯ್ದು ಕೈಬಿಡಬೇಕಾಗುತ್ತದೆ. ಬಾಹ್ಯಾಕಾಶ ವೃತ್ತಿಯೆಂದರೆ ರಾಕೆಟ್ ಉಡಾವಣೆಯೆಂದೇ ಭಾವಿಸುವ ವಿದ್ಯಾರ್ಥಿಗಳು ಈ ಕಾರ್ಯವನ್ನು ಗಮನಿಸುವುದು ವಿರಳ. ಉಡಾವಣೆ ಗಂಟೆಯೊಳಗೆ ಮುಗಿಯುತ್ತದೆ. ಜಿಸ್ಯಾಟ್-15ಕ್ಕೆ ಉದ್ದೇಶಿಸಿದ ಆಯುಷ್ಯ 12 ವರ್ಷ. ಅಷ್ಟೂ ಕಾಲ ಕಕ್ಷಾಗಣಿತ ಬಲ್ಲವರು, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳು, ಆಂಟೆನಾಗಳನ್ನು ಸುಸ್ಥಿತಿಯಲ್ಲಿಡುವ ತಂತ್ರಜ್ಞರು ಹಗಲಿರುಳು ಪಾಳಿಯ ಮೇಲೆ ದುಡಿಯಬೇಕು.