ಇವತ್ತಿನ ಪ್ರಶ್ನೆ: ನ್ಯೂಟನ್ ಹುಟ್ಟಿದ್ದು ಯಾವತ್ತು?

ಲೈಬ್ರರಿ ಮೆಟ್ಟಿಲ ಪಕ್ಕ ನಮ್ಮ ಸಂಘದ ಬೋರ್ಡ್ ಇದೆಯಲ್ಲ, ಅದರಲ್ಲಿ ದಿನಾ ಬೆಳಿಗ್ಗೆ ‘ಇವತ್ತಿನ ಪ್ರಶ್ನೆ’ ಬರೆಯೋ ಕೆಲಸ ಈ ವರ್ಷ ನನ್ನ ಪಾಲಿಗೆ ಬಂತು. ಆ ತಾರೀಖಿಗೆ ಹುಟ್ಟಿದ ದೊಡ್ಡವರು ಅಥವಾ ನಡೆದ ಘಟನೆ, ಅದರ ಮೇಲೊಂದು ಪ್ರಶ್ನೆ. ಸರಿ ಉತ್ತರಕ್ಕೆ ಒಂದು ಅಂಕ, ಕೊನೆಗೆ ಹೆಚ್ಚು ಅಂಕ ಇದ್ದವರಿಗೆ ಪುಸ್ತಕ ಬಹುಮಾನ. ಗೂಗಲ್ ಮಾಡಿದ್ರೆ ಐದು ನಿಮಿಷದ ಕೆಲಸ ಅಂದ್ಕೊಂಡಿದ್ದೆ.

ಡಿಸೆಂಬರ್ 25ಕ್ಕೆ ನಾನು ಬರೆದದ್ದು ಹೀಗೆ: ‘ಗೆಲಿಲಿಯೋ ತೀರಿಕೊಂಡ ವರ್ಷವೇ ಹುಟ್ಟಿದ, ಇವತ್ತು ಜನ್ಮದಿನ ಇರುವ ವಿಜ್ಞಾನಿ ಯಾರು?’ ಎಲ್ಲರೂ ನ್ಯೂಟನ್ ಅಂತ ಬರೆದರು. ಫಸ್ಟ್ ಇಯರ್ ಹುಡುಗಿಯೊಬ್ಬಳು ಮಾತ್ರ ‘ಪ್ರಶ್ನೆನೇ ತಪ್ಪು’ ಅಂತ ಬರೆದು ಚೀಟಿ ಹಾಕಿದ್ದಳು. ಸೊನ್ನೆ ಕೊಟ್ಟೆ. ಮಾರನೇ ದಿನ ಮೆಸ್ಸಲ್ಲಿ ತಟ್ಟೆ ಹಿಡ್ಕೊಂಡು ಬಂದು ಎದುರಿಗೇ ಕೂತಳು. “ಅಣ್ಣಾ, ಎರಡು ಕ್ಯಾಲೆಂಡರ್ ಕಲಸಿಬಿಟ್ಟಿದ್ದೀರ.”

ಅವಳು ಹೇಳಿದ್ದು ಸರಿ. ಜೂಲಿಯನ್ ಕ್ಯಾಲೆಂಡರ್ ಪ್ರಕಾರ ವರ್ಷಕ್ಕೆ 365.25 ದಿನ, ಅಂದರೆ ತಪ್ಪದೆ ನಾಲ್ಕು ವರ್ಷಕ್ಕೊಂದು ಅಧಿಕ ದಿನ. ನಿಜವಾದ ವರ್ಷ ಸುಮಾರು 365.2422 ದಿನ. ವ್ಯತ್ಯಾಸ ಹನ್ನೊಂದು ನಿಮಿಷ ಅಷ್ಟೇ, ಯಾರಿಗೆ ಬೇಕು ಅನ್ನಿಸುತ್ತೆ. ಆದರೆ ಎರರ್ ಸೇರ್ತಾ ಹೋದರೆ ಏನಾಗುತ್ತೆ ಅಂತ ನಮಗೆ ಹೇಳಿಕೊಡಬೇಕಾ? ಸುಮಾರು 128 ವರ್ಷಕ್ಕೆ ಒಂದು ಇಡೀ ದಿನ ಜಾರುತ್ತೆ. 1582ರಲ್ಲಿ ಪೋಪ್ ಗ್ರೆಗೊರಿ ಇದನ್ನು ತಿದ್ದಿಸಿದರು. ಆ ವರ್ಷ ಇಟಲಿ, ಸ್ಪೇನ್ ಕಡೆ ಅಕ್ಟೋಬರ್ 4ರ ಮಾರನೇ ದಿನ ಅಕ್ಟೋಬರ್ 15. ಮುಂದೆ ಶತಮಾನದ ವರ್ಷಗಳು 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ ಅನ್ನೋ ನಿಯಮ ಬಂತು. ಸರಾಸರಿ 365.2425. ಸಾಕಷ್ಟು ಹತ್ತಿರ.

ಇಂಗ್ಲೆಂಡಿನವರು ಮಾತ್ರ ಇದನ್ನು ಒಪ್ಪಲಿಲ್ಲ. ಹಾಗಾಗಿ ನ್ಯೂಟನ್ ಹುಟ್ಟಿದ ದಿನ ಅವನ ಊರಲ್ಲಿ 1642ರ ಡಿಸೆಂಬರ್ 25. ಅದೇ ದಿನ ಇಟಲಿಯಲ್ಲಿ 1643ರ ಜನವರಿ 4. ಗೆಲಿಲಿಯೋ ತೀರಿಕೊಂಡದ್ದು ಇಟಲಿಯ ಲೆಕ್ಕದಲ್ಲಿ 1642ರ ಜನವರಿ 8. ಇಂಗ್ಲೆಂಡಿನ ಲೆಕ್ಕಕ್ಕೆ ತಂದರೆ ಅದು 1641ರ ಡಿಸೆಂಬರ್ 29 ಆಗುತ್ತೆ. ಯಾವ ಕ್ಯಾಲೆಂಡರ್ ಹಿಡಿದರೂ ಎರಡೂ ಒಂದೇ ವರ್ಷಕ್ಕೆ ಬೀಳಲ್ಲ! ಒಂದನ್ನು ಅಲ್ಲಿಂದ, ಇನ್ನೊಂದನ್ನು ಇಲ್ಲಿಂದ ತಗೊಂಡ್ರೆ ಮಾತ್ರ ಆ ಚಂದದ ಕಾಕತಾಳೀಯ ಹುಟ್ಟುತ್ತೆ. ಸ್ಟೀಫನ್ ಹಾಕಿಂಗ್ ಹುಟ್ಟಿದ್ದು 1942ರ ಜನವರಿ 8, ಗೆಲಿಲಿಯೋ ತೀರಿಕೊಂಡ ಸರಿಯಾಗಿ 300 ವರ್ಷಕ್ಕೆ. ಇದು ಮಾತ್ರ ನಿಜ, ಎರಡೂ ಗ್ರೆಗೋರಿಯನ್ ತಾರೀಖುಗಳೇ.

ಇಂಗ್ಲೆಂಡ್ ದಾರಿಗೆ ಬಂದದ್ದು 1752ರಲ್ಲಿ. ಲಿನಕ್ಸ್ ಇದ್ದವರು ಟರ್ಮಿನಲ್ ತೆಗೆದು ‘ಕ್ಯಾಲ್’ ಕಮಾಂಡ್‌ಗೆ 9 ಮತ್ತು 1752 ಕೊಟ್ಟು ನೋಡಿ. ಸೆಪ್ಟೆಂಬರ್ 2 ಆದಮೇಲೆ ನೇರ 14. ಬಗ್ ಅಲ್ಲ, ಇತಿಹಾಸ.

ಕ್ಯಾಲೆಂಡರ್ ಬಿಟ್ಟರೆ ಗಡಿಯಾರದ ಕಾಟ. ಮನುಷ್ಯ ಚಂದ್ರನ ಮೇಲೆ ಇಳಿದದ್ದು 1969ರ ಜುಲೈ 20 ಅಂತ ಎಲ್ಲ ಪುಸ್ತಕದಲ್ಲೂ ಇರುತ್ತೆ. ನೌಕೆ ಇಳಿದದ್ದು ಗ್ರೀನಿಚ್ ಸಮಯ ರಾತ್ರಿ 8.17ಕ್ಕೆ. ಐದೂವರೆ ಗಂಟೆ ಕೂಡಿಸಿ. ನಮ್ಮಲ್ಲಿ ಆಗ ಜುಲೈ 21ರ ಬೆಳಗಿನ ಜಾವ 1.47.

ಇನ್ನು ನಮ್ಮ ಎಂ.ವಿ. ಸೆಪ್ಟೆಂಬರ್ 15 ಎಂಜಿನಿಯರ್ಸ್ ಡೇ ಅನ್ನೋದು ಗೊತ್ತು. ಹುಟ್ಟಿದ ಇಸವಿ? ಹೆಚ್ಚಿನ ಕಡೆ 1861 ಅಂತ ಇದೆ, ಕೆಲವು ಕಡೆ 1860. ಅಂಚೆ ಇಲಾಖೆ ಅವರ ಶತಮಾನೋತ್ಸವದ ಸ್ಟಾಂಪ್ ತಂದದ್ದು 1960ರ ಸೆಪ್ಟೆಂಬರ್ 15ಕ್ಕೆ, ಅವರು ಬದುಕಿದ್ದಾಗಲೇ. 1861 ಅಂತಿಟ್ಟುಕೊಂಡರೆ ಆವತ್ತು 99 ತುಂಬಿ ನೂರಕ್ಕೆ ಬಿದ್ದ ದಿನ. ಇಂಥ ಕಡೆ ‘ಯಾವ ಇಸವಿ?’ ಅಂತ ಕೇಳೋದೇ ಅನ್ಯಾಯ. ಈಗ ನಾನು ಕೇಳಲ್ಲ. ‘ಬದುಕಿದ್ದಾಗಲೇ ಶತಮಾನೋತ್ಸವದ ಸ್ಟಾಂಪ್ ಕಂಡ ಮೈಸೂರಿನ ದಿವಾನರು ಯಾರು?’ ಅಂತ ಕೇಳಿದರೆ ಗೊತ್ತಿಲ್ಲದವರೂ ಯೋಚಿಸಿ ಹಿಡೀಬಹುದು. ಬಾಯಿಪಾಠ ಮಾಡಿದವರಿಗೆ ಮಾತ್ರ ದಕ್ಕೋ ಪ್ರಶ್ನೆ ಇಂಟರ್ನಲ್ಸ್‌ಗೇ ಇರಲಿ ಬಿಡಿ.

ನವೆಂಬರ್ 1ರಂದೂ ಹೀಗೇ ಎಡವೋರು ಜಾಸ್ತಿ. ರಾಜ್ಯ ಒಂದಾದದ್ದು 1956ರಲ್ಲಿ, ‘ಕರ್ನಾಟಕ’ ಅನ್ನೋ ಹೆಸರು ಬಂದದ್ದು 1973ರಲ್ಲಿ. ಪ್ರಶ್ನೆಯಲ್ಲಿ ‘ಕರ್ನಾಟಕ ಯಾವಾಗ ಆಯ್ತು’ ಅಂತಷ್ಟೇ ಬರೆದರೆ ಜಗಳ ಗ್ಯಾರಂಟಿ.

ಆ ಹುಡುಗಿಯ ಅಂಕ ವಾಪಸ್ ಕೊಟ್ಟೆ. ಉಳಿದವರು ನಾನು ಕೇಳಿದ್ದಕ್ಕೆ ಉತ್ತರ ಬರೆದಿದ್ದರು, ಅವರದ್ದನ್ನು ಕಿತ್ಕೊಳ್ಳೋಕೆ ಮನಸ್ಸಾಗಲಿಲ್ಲ. ಆ ಒಂದು ಅಂಕದಿಂದ ಅವಳು ಮೊದಲನೇ ಸ್ಥಾನಕ್ಕೆ ಹೋದಳು. ಅಲ್ಲಿವರೆಗೆ ಮುಂದೆ ಇದ್ದವನು ನನ್ನ ರೂಮ್‌ಮೇಟ್. ಎರಡು ದಿನ ಮಾತು ಬಿಟ್ಟಿದ್ದ. ಆಮೇಲೆ ಅವನೇ ಈ ಪ್ರಶ್ನೆ ತಂದುಕೊಟ್ಟ, ನಾಳೆ ಬೋರ್ಡಿನಲ್ಲಿ ಬರುತ್ತೆ:

ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29. ಪ್ರಧಾನಿಯಾದದ್ದು 1977ರ ಮಾರ್ಚ್‌ನಲ್ಲಿ. ಹುಟ್ಟಿದ ದಿನವನ್ನು ಬಿಟ್ಟು, ಅಷ್ಟರೊಳಗೆ ಅವರಿಗೆ ಎಷ್ಟು ಫೆಬ್ರವರಿ 29 ಸಿಕ್ಕಿತ್ತು? 20 ಅಂತ ಬರೆಯೋ ಮುಂಚೆ 1900ನೇ ಇಸವಿಯ ಕಡೆ ಒಮ್ಮೆ ನೋಡಿ.