ದಂಡ 50 ರೂಪಾಯಿ, ಊರಿಗೆ ಬೀಳುವ ಖರ್ಚೆಷ್ಟು?

ಪೇಟೆಯ ಗೋದಾಮುಗಳ ಕಡೆ, ಸಾಮಿಲ್ಲುಗಳ ಕಡೆ, ಹೊಸದಾಗಿ ಮನೆ ಏಳುತ್ತಿರುವ ಬಡಾವಣೆಗಳ ಕಡೆ ಒಂದು ಸುತ್ತು ಹಾಕಿ ಬನ್ನಿ. ಗೇಟಿನ ಹತ್ತಿರ ಒಂದು ಕಂಬ, ಕಂಬಕ್ಕೊಂದು ಸರಪಳಿ, ಸರಪಳಿಯ ತುದಿಗೊಂದು ನಾಯಿ. ಬೆಳಿಗ್ಗೆ ಕಟ್ಟಿದ್ದು ರಾತ್ರಿಯೂ ಅಲ್ಲೇ, ಮಾರನೇ ದಿನವೂ ಅಲ್ಲೇ. ಕೇಳಿದರೆ, 'ಕಾವಲಿಗೆ ಸ್ವಾಮಿ, ಬಿಟ್ಟರೆ ಓಡಿಹೋಗುತ್ತೆ' ಅಂತಾರೆ ಯಜಮಾನರು.

ಹೀಗೆ ಮೂರು ಹೊತ್ತೂ ಕಟ್ಟಿಹಾಕುವುದು ಕಾನೂನಿಗೆ ವಿರುದ್ಧ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ರಾಜ್ಯಸಭೆಯಲ್ಲಿ ರುಕ್ಮಿಣಿದೇವಿ ಅರುಂಡೇಲ್ ಪಟ್ಟುಹಿಡಿದು ಒತ್ತಾಯ ಮಾಡಿದ ಮೇಲೆ ಬಂದದ್ದು 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಅದರ 11ನೇ ಕಲಮು ಎರಡು ಮಾತು ಹೇಳುತ್ತದೆ. ಒಂದು, ಯಾವ ಪ್ರಾಣಿಯನ್ನೂ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ, ಹಗ್ಗದಲ್ಲಿ ಮಿತಿಮೀರಿದ ಹೊತ್ತು ಕಟ್ಟಿಡಬಾರದು. ಎರಡು, ಯಾವಾಗಲೂ ಕಟ್ಟಿಹಾಕುವ ಇಲ್ಲವೇ ಕೂಡಿಹಾಕುವ ನಾಯಿಯಾದರೆ ಯಜಮಾನ ಅದಕ್ಕೆ ತಕ್ಕಷ್ಟು ಓಡಾಟ ಮಾಡಿಸಲೇಬೇಕು. ಅಂದರೆ ಕಟ್ಟುವುದೇ ತಪ್ಪಲ್ಲ, ಕಟ್ಟಿ ಮರೆಯುವುದು ತಪ್ಪು.

ತಪ್ಪಿದರೆ ಏನು? ಮೊದಲ ಸಲಕ್ಕೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 1960ರಲ್ಲಿ 50 ರೂಪಾಯಿ ಅಂದರೆ ಹೆದರುವಂಥ ಮೊತ್ತ. ಇವತ್ತು ಅದಕ್ಕೆ ಒಂದು ಮಸಾಲೆದೋಸೆ ಬಂದರೆ ಪುಣ್ಯ! ನಾಯಿಯ ಕೊರಳಿನ ಸರಪಳಿಯೇ ಅದಕ್ಕಿಂತ ದುಬಾರಿ.

ಖಾಕಿಯ ಕೈಗೂ ಕಟ್ಟು

ಈ ಕಾಯಿದೆಯ ಕೆಲವೇ ಅಪರಾಧಗಳಲ್ಲಿ ಪೊಲೀಸರು ತಾವಾಗಿಯೇ ಕೇಸು ಹಿಡಿಯಬಹುದು. ನಾಯಿ ಕಟ್ಟಿಹಾಕಿದ ತಪ್ಪು ಆ ಪಟ್ಟಿಯಲ್ಲಿಲ್ಲ. ದೂರು ಕೊಟ್ಟರೆ ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ, ತನಿಖೆಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಮೂರು ತಿಂಗಳೊಳಗೆ ಕೇಸು ಹೂಡದಿದ್ದರೆ ಅಲ್ಲಿಗೆ ಮುಗಿಯಿತು.

ಹೂಡಿದರು ಅಂತಲೇ ಇಟ್ಟುಕೊಳ್ಳಿ. ಈಗ ಲೆಕ್ಕ ಹಾಕೋಣ. ಸಮನ್ಸು ಹೊತ್ತು ತಿರುಗುವ ಪೇದೆಯ ದಿನ, ನಾಯಿಯ ಮೈ ನೋಡಿ ಚೀಟಿ ಬರೆಯುವ ಪಶುವೈದ್ಯರ ಹೊತ್ತು, ಕೋರ್ಟಿನ ಗುಮಾಸ್ತರ ಕಾಗದ, ಮ್ಯಾಜಿಸ್ಟ್ರೇಟರ ಬೆಳಗು. ಎಲ್ಲಕ್ಕೂ ಸಂಬಳ ನಮ್ಮ ನಿಮ್ಮ ತೆರಿಗೆಯಿಂದ. ಕೊನೆಗೆ ಖಜಾನೆಗೆ ಬರುವುದು ಹೆಚ್ಚೆಂದರೆ 50 ರೂಪಾಯಿ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನೋದು ಇದಕ್ಕೇ!

'ಹಾಗಾದರೆ ಕಾನೂನೇ ದಂಡ, ಬಿಟ್ಟುಬಿಡಿ' ಅಂತೀರಾ? ತಡೆಯಿರಿ. ಬಿಟ್ಟರೂ ಖರ್ಚು ತಪ್ಪದು. ವರ್ಷಗಟ್ಟಲೆ ಕಂಬಕ್ಕೆ ಅಂಟಿಕೊಂಡ ನಾಯಿ ಸಿಡುಕಾಗುತ್ತದೆ. ಒಂದು ದಿನ ಕೊಂಡಿ ಸವೆದು ಕಿತ್ತರೆ, ಸಿಕ್ಕುವುದು ಕಳ್ಳನ ಕಾಲಲ್ಲ, ಬಸ್‌ಸ್ಟಾಪಿಗೆ ಓಡುವ ಶಾಲೆ ಹುಡುಗನ ಕಾಲು. ಹುಚ್ಚುನಾಯಿ ರೋಗ ಒಮ್ಮೆ ತಲೆಯೆತ್ತಿದರೆ ಮನುಷ್ಯ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕೈದು ಸಲ ಸೂಜಿ ಹಾಕಿಸಲೇಬೇಕು. ಔಷಧ ಸರ್ಕಾರದ್ದು, ಕರೆದೊಯ್ಯುವ ಅಪ್ಪನ ಕೂಲಿ ಅಷ್ಟೂ ದಿನ ಖೋತಾ. ನಾಯಿಯ ಯಜಮಾನರ ಜೇಬಿಗೆ ಮಾತ್ರ ಏಟಿಲ್ಲ.

ಬಿಲ್ಲು ಯಾರಿಗೆ?

ತೊಡಕು ಇರುವುದು ಇಲ್ಲೇ. ತಪ್ಪು ಮಾಡಿದವನಿಗೆ ಅಗ್ಗವಾದಷ್ಟೂ ಕಾನೂನು ಊರಿಗೆ ದುಬಾರಿ. ಹಾಗಂತ ಕಾಯಿದೆ ಪೂರಾ ಬರಿಗೈಯಲ್ಲ. 35ನೇ ಕಲಮಿನ ಪ್ರಕಾರ, ಹಿಂಸೆಗೆ ಸಿಕ್ಕ ಪ್ರಾಣಿಯನ್ನು ಪ್ರಾಣಿಗಳ ಆಸ್ಪತ್ರೆಗೋ ಪಿಂಜ್ರಾಪೋಲಿಗೋ ಕಳಿಸಿದರೆ ಸಾಗಾಟ, ಮೇವು, ಮದ್ದಿನ ಖರ್ಚು ಯಜಮಾನನದು. ದರ ಗೊತ್ತುಮಾಡುವುದು ಜಿಲ್ಲಾ ಮ್ಯಾಜಿಸ್ಟ್ರೇಟರು. ಕೊಡದಿದ್ದರೆ ಕಂದಾಯದ ಬಾಕಿಯಂತೆ ವಸೂಲಿ. ಕೈಯಲ್ಲಿ ಕಾಸಿಲ್ಲದ ಬಡವನಿಗೆ ಮ್ಯಾಜಿಸ್ಟ್ರೇಟರು ಬಿಡಬಹುದು. 2017ರ ನಿಯಮಗಳಂತೂ ಈ ಖರ್ಚಿಗೆ ಮೊದಲೇ ಮುಚ್ಚಳಿಕೆ ಬರೆಸಿಕೊಳ್ಳಿ ಅನ್ನುತ್ತವೆ. 50 ರೂಪಾಯಿ ದಂಡಕ್ಕೆ ನಗುವ ಸಾಹುಕಾರ, ತಿಂಗಳ ಮೇವಿನ ಬಿಲ್ಲಿಗೆ ನಗಲಾರ.

ಆದರೆ ಕಳಿಸಲು ಜಾಗ ಬೇಕಲ್ಲ? ಜಿಲ್ಲೆಗೊಂದು ಪ್ರಾಣಿದಯಾ ಸಂಘ ಇರಲೇಬೇಕೆಂದು 2001ರ ನಿಯಮ ಹೇಳುತ್ತದೆ. ಬೋರ್ಡು ಮಾತ್ರ ಇದ್ದು ಕೊಟ್ಟಿಗೆ, ಗಾಡಿ, ವೈದ್ಯರು ಇಲ್ಲದಿದ್ದರೆ 35ನೇ ಕಲಮು ಕಾಗದದ ಹುಲಿ. ದಂಡ ಏರಿಸಲು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಕರಡು ಮಸೂದೆ ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತ್ತು. ದಂಡ ಏರಲಿ, ಬೇಡವೆನ್ನುವವರು ಯಾರು? ಆದರೆ ಜಿಲ್ಲಾಡಳಿತ ಮೊದಲು ಕೊಟ್ಟಿಗೆ ತೋರಿಸಲಿ, ಮೇವಿನ ದರಪಟ್ಟಿ ಹೊರಗೆ ಹಾಕಲಿ.

ಇನ್ನು ಅಂಗಡಿ ಯಜಮಾನರಿಗೆ ಒಂದು ಮಾತು. ಎರಡು ಕಂಬದ ನಡುವೆ ತಂತಿ ಎಳೆದು, ಸರಪಳಿಯ ಉಂಗುರ ಅದರ ಮೇಲೆ ಜಾರುವಂತೆ ಬಿಡಿ. ನೆರಳು, ನೀರು ಇಡಿ. ಬೆಳಿಗ್ಗೆ ಸಂಜೆ ಒಂದು ಸುತ್ತು ಓಡಾಡಿಸಿ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ಪಕ್ಕದಂಗಡಿಯವರು ಕೇಸಿಗೆ ಮೊದಲು ಬಾಯಿಮಾತಲ್ಲಿ ಹೇಳಿ ನೋಡಿ. ಪೇದೆಯೂ ಬೇಡ, ಸಮನ್ಸೂ ಬೇಡ. ಊರಿನ ಬೊಕ್ಕಸಕ್ಕೆ ಒಂದು ಕಾಸೂ ಖರ್ಚಿಲ್ಲದ ಕಾನೂನು ಅಂದರೆ ಇದೊಂದೇ!